ಜೆರ್ರಿ ಯೇಗ್ಲಿ ಮತ್ತು ಇಂಡಿಯಾನಾ ಸಾಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಸಾಕರ್ ಮಾತು ಬಂದಾಗಲೆಲ್ಲ ನಾನು ಜೆರ್ರಿ ಯೇಗ್ಲಿ ಹೆಸರು ಎತ್ತುತ್ತೇನೆ. ಕೇಳಿದವರು ತಿರುಗಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾರು ಈ ಜೆರ್ರಿ ಯೇಗ್ಲಿ?

ಇಂಡಿಯಾನಾ ವಿಶ್ವವಿದ್ಯಾಲಯದ ಪುರುಷರ ಸಾಕರ್ ತಂಡಕ್ಕೆ 1963ರಿಂದ 2003ರವರೆಗೆ ಕೋಚ್ ಆಗಿದ್ದವರು. ಊರು ಬ್ಲೂಮಿಂಗ್ಟನ್. ನಲವತ್ತು ವರ್ಷ ಒಂದೇ ಊರು, ಒಂದೇ ತಂಡ. ಅವರ ಕೈಕೆಳಗೆ ಇಂಡಿಯಾನಾ ಆರು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು: 1982, 1983, 1988, 1998, 1999, 2003. ಒಟ್ಟು 690 ಪಂದ್ಯ, 544 ಗೆಲುವು, 101 ಸೋಲು, 45 ಡ್ರಾ. ನಿವೃತ್ತರಾದಾಗ ಡಿವಿಷನ್ ಒಂದರಲ್ಲಿ, ಅಂದರೆ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತದಲ್ಲಿ, ಅವರಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರು ಇರಲಿಲ್ಲ.

ಇಲ್ಲೊಂದು ಮಾತು ಗಮನಿಸಿ. ಈ 690ರ ಲೆಕ್ಕ ಶುರುವಾಗುವುದು 1973ರಿಂದ. ಅವರು ಕೆಲಸ ಶುರು ಮಾಡಿದ್ದು 1963ರಲ್ಲಿ. ನಡುವಿನ ಹತ್ತು ವರ್ಷ ಯಾವ ದಾಖಲೆ ಪುಸ್ತಕದ ಲೆಕ್ಕಕ್ಕೂ ಸೇರಿಲ್ಲ. ನನಗೆ ಅವರ ಬಗ್ಗೆ ಇಷ್ಟೊಂದು ಗೌರವ ಇರುವುದು ಆ ಹತ್ತು ವರ್ಷಗಳಿಂದಲೇ.

ಸಾಕರ್ ಅಂದ್ರೆ ನಮ್ಮ ಫುಟ್‌ಬಾಲೇ ಅಲ್ವಾ?

ಹೌದು, ಅದೇ ಆಟ. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಬೇರೆ ಆಟ. ಗೊಂದಲ ಬೇಡ ಅಂತ ಈ ಪುಟದಲ್ಲಿ ಸಾಕರ್ ಅಂತಲೇ ಬರೆಯುತ್ತೇನೆ.

ಕೋಚ್ ಆಗುವ ಮೊದಲು ಅವರು ಆಡಿದ್ದು ಎಲ್ಲಿ?

ಪೆನ್ಸಿಲ್ವೇನಿಯಾದವರು. ಅಲ್ಲಿನ ವೆಸ್ಟ್ ಚೆಸ್ಟರ್ ಕಾಲೇಜಿನ ತಂಡದಲ್ಲಿ ಆಡಿದರು, ಕೋಚ್ ಮೆಲ್ ಲೋರ್ಬ್ಯಾಕ್. ಕಾಲೇಜು ಸಾಕರ್‌ನ ರಾಷ್ಟ್ರೀಯ ಟೂರ್ನಿ ಶುರುವಾಗಿದ್ದು 1959ರಲ್ಲಿ. ಮೊದಲೆರಡು ಸಲ ಗೆದ್ದಿದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. ಮೂರನೇ ವರ್ಷ, ಅಂದರೆ 1961ರಲ್ಲಿ, ಅದೇ ಸೇಂಟ್ ಲೂಯಿಸನ್ನು ಫೈನಲ್‌ನಲ್ಲಿ 2–0 ಅಂತರದಿಂದ ಸೋಲಿಸಿದ್ದು ವೆಸ್ಟ್ ಚೆಸ್ಟರ್. ಆ ತಂಡದಲ್ಲಿ ಯೇಗ್ಲಿ ಇದ್ದರು. ಅಂದರೆ ಚಾಂಪಿಯನ್ ಆಗುವುದು ಹೇಗಿರುತ್ತದೆ ಅಂತ ಗೊತ್ತಿದ್ದ ಹುಡುಗ ಎರಡು ವರ್ಷದ ನಂತರ ಇಂಡಿಯಾನಾಗೆ ಬಂದ. ಬಂದು ನೋಡಿದರೆ ಅಲ್ಲಿ ಅಧಿಕೃತ ತಂಡವೇ ಇಲ್ಲ.

ತಂಡವೇ ಇಲ್ಲ ಅಂದ್ರೆ ಏನರ್ಥ? ಕೋಚ್ ಆಗಿ ತಾನೆ ಬಂದಿದ್ದು?

ಬಂದಿದ್ದು ದೈಹಿಕ ಶಿಕ್ಷಣ ಕಲಿಸುವುದಕ್ಕೆ, ಜೊತೆಗೆ ಸಾಕರ್ ಕ್ಲಬ್ ನೋಡಿಕೊಳ್ಳುವುದಕ್ಕೆ. ಅಮೆರಿಕದ ಕಾಲೇಜುಗಳಲ್ಲಿ ಎರಡು ಥರದ ತಂಡ ಇರುತ್ತವೆ. ವಾರ್ಸಿಟಿ ತಂಡ ಅಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡ. ಅದಕ್ಕೆ ಕ್ರೀಡಾ ಇಲಾಖೆಯ ಹಣ ಬರುತ್ತದೆ, ಸ್ಕಾಲರ್‌ಶಿಪ್ ಇರುತ್ತದೆ, ಡಾಕ್ಟರ್, ಬಸ್ಸು, ಊಟ, ಬಟ್ಟೆ ಎಲ್ಲ ಸಿಗುತ್ತದೆ. ರಾಷ್ಟ್ರೀಯ ಟೂರ್ನಿಗೆ ಹೋಗುವ ಹಕ್ಕೂ ಅದಕ್ಕೆ ಮಾತ್ರ. ಕ್ಲಬ್ ತಂಡ ಅಂದರೆ ಆಸಕ್ತಿ ಇರುವ ವಿದ್ಯಾರ್ಥಿಗಳು ಸೇರಿ ಆಡುವುದು. ಎಷ್ಟೇ ಚೆನ್ನಾಗಿ ಆಡಿದರೂ ಡಿಸೆಂಬರ್‌ನ ಟೂರ್ನಿಗೆ ಕರೆ ಬರುವುದಿಲ್ಲ.

ಕ್ಲಬ್ ಕೋಚ್ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಶನಿವಾರ ಪಂದ್ಯ ಇದ್ದರೆ ಶುಕ್ರವಾರ ಸಂಜೆಯೇ ಮೈದಾನಕ್ಕೆ ಹೋಗಬೇಕು. ಎರಡು ಗೂಟಕ್ಕೆ ಹಗ್ಗ ಕಟ್ಟಿ, ಅದರ ಗುಂಟ ಬಿಳಿ ಗೆರೆ ಎಳೆಯಬೇಕು. ಪೆನಾಲ್ಟಿ ಜಾಗದ ಅಳತೆ ತಪ್ಪಿದರೆ ಮತ್ತೆ ಮೊದಲಿಂದ. ಬಲೆ ಕಟ್ಟಬೇಕು, ಚೆಂಡಿಗೆ ಗಾಳಿ ಇದೆಯಾ ಅಂತ ನೋಡಬೇಕು, ಬೇರೆ ಊರಿನ ಪಂದ್ಯವಾದರೆ ಯಾರ ಕಾರಲ್ಲಿ ಯಾರು ಕೂರುತ್ತಾರೆ ಅಂತ ಲೆಕ್ಕ ಹಾಕಬೇಕು. ಇಷ್ಟೆಲ್ಲ ಆದ ಮೇಲೆ ಆಟದ ತಂತ್ರದ ಯೋಚನೆ. ಇದನ್ನು ಒಂದು ವರ್ಷ ಉತ್ಸಾಹದಿಂದ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಹತ್ತು ವರ್ಷ ಮಾಡುವವರು ಸಿಗುವುದಿಲ್ಲ.

ಹತ್ತು ವರ್ಷ ಯಾಕೆ ಬೇಕಾಯಿತು? ಕೇಳಿದ ತಕ್ಷಣ ಕೊಡಬಹುದಿತ್ತಲ್ಲ?

ಕೇಳುತ್ತಲೇ ಇದ್ದರು, ಸಿಗುತ್ತಿರಲಿಲ್ಲ. ಅಲ್ಲಿನ ಕ್ರೀಡಾ ಇಲಾಖೆಗೆ ದುಡ್ಡು ತರುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್. ಉಳಿದ ಆಟಗಳೆಲ್ಲ ಖರ್ಚಿನ ಬಾಬ್ತು. ಹೊಸದೊಂದು ಆಟ ಸೇರಿಸಿದರೆ ಹೊಸ ಖರ್ಚು ಅಂತಲೇ ಲೆಕ್ಕ.

ಅದರ ಮೇಲೆ ಇಂಡಿಯಾನಾ ಎಂಥ ಜಾಗ ನೋಡಿ. ರಾಜ್ಯಕ್ಕೆ ರಾಜ್ಯವೇ ಬಾಸ್ಕೆಟ್‌ಬಾಲ್ ಹುಚ್ಚಿನದು. 1971ರಲ್ಲಿ ಬಾಬ್ ನೈಟ್ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಂದ ಮೇಲಂತೂ ಕೇಳುವುದೇ ಬೇಡ. ಇನ್ನು ಈಜಿನಲ್ಲಿ ಜೇಮ್ಸ್ ಕೌನ್ಸಿಲ್‌ಮನ್ ಅವರ ತಂಡ 1968ರಿಂದ 1973ರವರೆಗೆ ಸತತ ಆರು ವರ್ಷ ರಾಷ್ಟ್ರೀಯ ಚಾಂಪಿಯನ್. ಒಲಿಂಪಿಕ್ಸ್‌ನ ಮಾರ್ಕ್ ಸ್ಪಿಟ್ಜ್ ಈಜಿದ್ದು ಆ ತಂಡಕ್ಕೇ. ಅದೇ ಕ್ಯಾಂಪಸ್ಸಿನ ಇನ್ನೊಂದು ಮೂಲೆಯಲ್ಲಿ ಯೇಗ್ಲಿ ಕ್ಲಬ್ ಹುಡುಗರಿಗೆ ಪಾಸ್ ಕೊಡುವುದು ಕಲಿಸುತ್ತಿದ್ದರು.

1973ರಲ್ಲಿ ಕೊನೆಗೂ ವಾರ್ಸಿಟಿ ಮಾನ್ಯತೆ ಬಂತು. ಮುಂದೆ ಏನಾಯಿತು ಅನ್ನುವುದೇ ಆ ಹತ್ತು ವರ್ಷ ಏನು ನಡೆದಿತ್ತು ಅನ್ನುವುದಕ್ಕೆ ಸಾಕ್ಷಿ. ಮೂರೇ ವರ್ಷದಲ್ಲಿ, 1976ರಲ್ಲಿ, ತಂಡ ರಾಷ್ಟ್ರೀಯ ಫೈನಲ್ ಆಡಿತು. ಸೊನ್ನೆಯಿಂದ ಕಟ್ಟಿದ ತಂಡ ಮೂರು ವರ್ಷಕ್ಕೆ ಅಲ್ಲಿಗೆ ಮುಟ್ಟುವುದಿಲ್ಲ. ಅದು ಹದಿಮೂರು ವರ್ಷದ ತಂಡ, ಜಗತ್ತು ನೋಡಿದ್ದು ಮೂರು ವರ್ಷ ಮಾತ್ರ.

1976ರಲ್ಲಿ ಗೆದ್ದರಾ?

ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಎದುರು 0–1. ಎರಡು ವರ್ಷ ಬಿಟ್ಟು 1978ರಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಸ್ಯಾನ್ ಫ್ರಾನ್ಸಿಸ್ಕೋ, 0–2. 1980ರಲ್ಲಿ ಮೂರನೇ ಸಲ, ಎದುರಾಳಿ ಅವರೇ, ಹೆಚ್ಚುವರಿ ಸಮಯದಲ್ಲಿ 3–4.

ಐದು ವರ್ಷದಲ್ಲಿ ಮೂರು ಫೈನಲ್, ಮೂರೂ ಒಂದೇ ತಂಡದ ಕೈಯಲ್ಲಿ ಸೋಲು. ಆ ತಂಡದ ಕೋಚ್ ಸ್ಟೀವ್ ನೆಗೋಸ್ಕೊ ಕೂಡ ದೊಡ್ಡ ಹೆಸರು. ಅರ್ಹತೆಯ ವಿಚಾರದಲ್ಲಿ ತಕರಾರು ಬಂದು ಸ್ಯಾನ್ ಫ್ರಾನ್ಸಿಸ್ಕೋದ 1978ರ ಪ್ರಶಸ್ತಿಯನ್ನು ಆಮೇಲೆ ರದ್ದು ಮಾಡಿದರು. ಹಾಗಂತ ಅದನ್ನು ಇಂಡಿಯಾನಾಗೆ ಕೊಡಲಿಲ್ಲ. ಆ ವರ್ಷದ ಜಾಗ ಪಟ್ಟಿಯಲ್ಲಿ ಖಾಲಿ ಇದೆ.

ಇಷ್ಟಾದ ಮೇಲೆ ಕೋಚ್ ಬದಲಾಯಿಸಬೇಕು ಅನ್ನುವ ಮಾತು ಈಗಿನ ಕಾಲದಲ್ಲಾದರೆ ಖಂಡಿತ ಏಳುತ್ತಿತ್ತು. ಕಂಠೀರವದಲ್ಲಿ ಕೂತು ಪಂದ್ಯ ನೋಡುವ ನಮಗೆ ಕೋಚ್‌ಗಳು ಬರುವುದು ಹೋಗುವುದು ಎಷ್ಟು ಬೇಗ ಅಂತ ಗೊತ್ತಿದೆ. ಮೂರು ಫೈನಲ್ ಸೋತವರನ್ನು ಉಳಿಸಿಕೊಂಡದ್ದಕ್ಕೇ ಇಂಡಿಯಾನಾಗೆ ಮುಂದಿನದೆಲ್ಲ ಸಿಕ್ಕಿತು ಅಂತ ನಾನು ನಂಬುತ್ತೇನೆ.

ಮೊದಲ ಪ್ರಶಸ್ತಿ ಬಂದ ಪಂದ್ಯದ ಬಗ್ಗೆ ಹೇಳಿ.

1982ರ ಡಿಸೆಂಬರ್, ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್. ಎದುರಾಳಿ ಡ್ಯೂಕ್ ವಿಶ್ವವಿದ್ಯಾಲಯ. ನಾಲ್ಕನೇ ಫೈನಲ್ಲೂ ಕೈಜಾರಿದರೆ ಹೇಗೆ ಅನ್ನುವ ಭಯ ಆ ಬೆಂಚಿನ ಮೇಲೆ ಇಲ್ಲದೆ ಇರಲು ಸಾಧ್ಯವೇ ಇಲ್ಲ.

ತೊಂಬತ್ತು ನಿಮಿಷ ಮುಗಿದಾಗ 1–1. ಇಂಡಿಯಾನಾದ ಗೋಲು ಹೊಡೆದಿದ್ದು ಗ್ರೆಗ್ ಥಾಂಪ್ಸನ್, ಡಿಫೆಂಡರ್, ಕೊನೆಯ ವರ್ಷದ ವಿದ್ಯಾರ್ಥಿ. ಆಮೇಲೆ ಹೆಚ್ಚುವರಿ ಸಮಯ ಶುರುವಾಯಿತು. ಒಂದು ಅವಧಿ ಮುಗಿಯಿತು, ಎರಡು ಮುಗಿಯಿತು, ಮೂರು, ನಾಲ್ಕು. ಈಗಿನ ಹಾಗೆ ಪೆನಾಲ್ಟಿ ಹೊಡೆಸಿ ಮುಗಿಸಲಿಲ್ಲ, ಗೋಲು ಬರುವವರೆಗೂ ಆಡಿಸಿದರು. ಐದು, ಆರು, ಏಳು. ಎರಡೂವರೆ ಗಂಟೆ ಓಡಿದ ಕಾಲುಗಳು ಹೇಗಿರುತ್ತವೆ ಅಂತ ಆಡಿದವರಿಗೇ ಗೊತ್ತು. ಮೀನಖಂಡ ಹಿಡಿದುಕೊಳ್ಳುತ್ತದೆ, ಚೆಂಡು ಎರಡು ಮಾರು ದೂರ ಇದ್ದರೂ ಓಡಲಾಗುವುದಿಲ್ಲ.

ಎಂಟನೇ ಅವಧಿಯಲ್ಲಿ ಇಂಡಿಯಾನಾಗೆ ಒಂದು ಫ್ರೀ ಕಿಕ್ ಸಿಕ್ಕಿತು. ಥಾಂಪ್ಸನ್ ಬಂದ, ಹೊಡೆದ, ಗೋಲಾಯಿತು. 2–1. ಎರಡೂ ಗೋಲು ಒಬ್ಬ ಡಿಫೆಂಡರ್‌ನದು. ಆತ ಮುಂದಿನ ವರ್ಷ ಆಗಿನ ವೃತ್ತಿಪರ ಲೀಗ್‌ನಲ್ಲಿ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ.

ಮರುವರ್ಷ, 1983ರಲ್ಲಿ, ಅದೇ ಊರಿನಲ್ಲಿ ಮತ್ತೆ ಫೈನಲ್. ಈ ಸಲ ಎದುರಾಳಿ ಕೊಲಂಬಿಯಾ ವಿಶ್ವವಿದ್ಯಾಲಯ, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದೆ ಬಂದಿತ್ತು. ಹೆಚ್ಚುವರಿ ಸಮಯದಲ್ಲಿ ಇಂಡಿಯಾನಾ 1–0. 1988ರ ಮೂರನೇ ಪ್ರಶಸ್ತಿ ಬಂದಿದ್ದು ಬ್ಲೂಮಿಂಗ್ಟನ್‌ನಲ್ಲೇ, ಸ್ವಂತ ಜನರ ಮುಂದೆ, ಹೋವರ್ಡ್ ವಿರುದ್ಧ 1–0.

ಅವರ ಕೈಯಲ್ಲಿ ತಯಾರಾದ ಆಟಗಾರರು ಯಾರ‍್ಯಾರು?

ಪಟ್ಟಿ ಉದ್ದ ಇದೆ, ನನಗೆ ಮುಖ್ಯ ಅನ್ನಿಸಿದವರನ್ನು ಮಾತ್ರ ಹೇಳುತ್ತೇನೆ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹರ್ಮನ್ ಟ್ರೋಫಿ ಅವರ ಹುಡುಗರಿಗೆ ಐದು ಸಲ ಬಂತು: 1978ರಲ್ಲಿ ಏಂಜೆಲೊ ಡಿಬರ್ನಾರ್ಡೊ, 1981ರಲ್ಲಿ ಅರ್ಮಾಂಡೊ ಬೆಟನ್‌ಕೋರ್ಟ್, 1988 ಮತ್ತು 1990ರಲ್ಲಿ ಕೆನ್ ಸ್ನೋ, 1994ರಲ್ಲಿ ಬ್ರಯಾನ್ ಮೇಸನೂವ್. ಬೆಟನ್‌ಕೋರ್ಟ್ ಹೊಂಡುರಾಸ್‌ನವರು, 1982ರ ವಿಶ್ವಕಪ್‌ನಲ್ಲಿ ತಮ್ಮ ದೇಶಕ್ಕೆ ಆಡಿದರು. ಗೋಲ್‌ಕೀಪರ್ ಯರ್ಗನ್ ಸಾಮರ್ ಮುಂದೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಮೊದಲ ಅಮೆರಿಕನ್ ಗೋಲ್‌ಕೀಪರ್ ಆದರು. 1990ರ ದಶಕದ ಕೊನೆಗೆ ಉಕ್ರೇನ್‌ನಿಂದ ಬಂದ ಹುಡುಗರಿದ್ದರು: ಡೀಮಾ ಕೊವಲೆಂಕೊ, ಅಲೆಕ್ಸಿ ಕೊರೊಲ್, ಯೂರಿ ಲಾವ್ರಿನೆಂಕೊ.

ಮಗ ಟಾಡ್ ಯೇಗ್ಲಿ ಕೂಡ ಅಪ್ಪನ ತಂಡದಲ್ಲೇ ಆಡಿದರು. 1994ರ ಫೈನಲ್‌ನಲ್ಲಿ ವರ್ಜೀನಿಯಾ ಎದುರು 0–1 ಸೋತಾಗ ಅದು ಟಾಡ್‌ಗೆ ಕಾಲೇಜಿನ ಕೊನೆಯ ಪಂದ್ಯ. ಅಪ್ಪ ಕೋಚ್, ಮಗ ಮೈದಾನದಲ್ಲಿ, ಕೊನೆಯ ಪಂದ್ಯ ಸೋಲು. ಆ ರಾತ್ರಿ ಆ ಮನೆಯಲ್ಲಿ ಏನು ಮಾತಾಡಿಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1997ರ ತಂಡದ ಬಗ್ಗೆ ಇಂಡಿಯಾನಾ ಅಭಿಮಾನಿಗಳು ಯಾಕೆ ಅಷ್ಟು ಮಾತಾಡುತ್ತಾರೆ?

ಆ ವರ್ಷ ತಂಡ 23 ಪಂದ್ಯ ಆಡಿ 23ನ್ನೂ ಗೆದ್ದಿತ್ತು. ಒಂದು ಡ್ರಾ ಕೂಡ ಇಲ್ಲ. ಸೆಮಿಫೈನಲ್‌ನಲ್ಲಿ ಸಿಗಿ ಶ್ಮಿಡ್ ಅವರ ಯುಸಿಎಲ್‌ಎ ತಂಡದ ಎದುರು ಹೆಚ್ಚುವರಿ ಸಮಯದಲ್ಲಿ 0–1. ಅಲ್ಲಿಗೆ ಮುಗಿಯಿತು. ಯುಸಿಎಲ್‌ಎ ಪ್ರಶಸ್ತಿ ಗೆದ್ದಿತು.

ಮುಂದಿನ ಎರಡು ವರ್ಷ ಇಂಡಿಯಾನಾನೇ ಚಾಂಪಿಯನ್: 1998ರಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 3–1, 1999ರಲ್ಲಿ ಸಾಂತಾ ಕ್ಲಾರಾ ವಿರುದ್ಧ 1–0. ಆದರೂ ಯೇಗ್ಲಿ ಅವರ ಅತ್ಯುತ್ತಮ ತಂಡ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಪ್ರಶಸ್ತಿ ಸಿಗದ 1997ರ ತಂಡ.

ಇಷ್ಟು ಗೆದ್ದವರು ವೃತ್ತಿಪರ ಲೀಗ್‌ಗೆ ಯಾಕೆ ಹೋಗಲಿಲ್ಲ?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಅವರ ಜೊತೆಯ ದೊಡ್ಡ ಹೆಸರುಗಳು ಹೋದವು. ವರ್ಜೀನಿಯಾದ ಬ್ರೂಸ್ ಅರೀನಾ 1991ರಿಂದ 1994ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದು, 1996ರಲ್ಲಿ ಶುರುವಾದ ಅಮೆರಿಕದ ವೃತ್ತಿಪರ ಲೀಗ್ ಎಂಎಲ್‌ಎಸ್‌ಗೆ ಹೋದರು. ಆಮೇಲೆ ಅಮೆರಿಕ ರಾಷ್ಟ್ರೀಯ ತಂಡವನ್ನು 2002ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ವರೆಗೆ ಒಯ್ದರು. ಸಿಗಿ ಶ್ಮಿಡ್ ಕೂಡ 1999ರಲ್ಲಿ ಎಂಎಲ್‌ಎಸ್ ಸೇರಿದರು.

ಯೇಗ್ಲಿ ಹೋಗಲಿಲ್ಲ. ಎಂಎಲ್‌ಎಸ್ ಬರುವ ಹೊತ್ತಿಗೆ ಅವರು ಬ್ಲೂಮಿಂಗ್ಟನ್‌ಗೆ ಬಂದು ಮೂವತ್ತು ವರ್ಷ ದಾಟಿತ್ತು. ಕಾಲೇಜು ಕೋಚ್ ಕೆಲಸ ಬೇರೆಯದೇ ಜಾತಿಯದು ಅನ್ನುವುದನ್ನೂ ನೆನಪಿಡಿ. ನಿಮ್ಮ ಅತ್ಯುತ್ತಮ ಆಟಗಾರ ಹೆಚ್ಚೆಂದರೆ ನಾಲ್ಕು ಸೀಸನ್ ಆಡುತ್ತಾನೆ, ಆಮೇಲೆ ಹೋಗಲೇಬೇಕು. ದುಡ್ಡು ಕೊಟ್ಟು ಉಳಿಸಿಕೊಳ್ಳಲು ಬರುವುದಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಹದಿನೆಂಟು ವರ್ಷದ ಹೊಸ ಹುಡುಗರು ಬ್ಯಾಗ್ ಹಿಡಿದು ಬರುತ್ತಾರೆ, ಅವರಿಗೆ ಮತ್ತೆ ಮೊದಲಿಂದ ಹೇಳಿಕೊಡಬೇಕು. ಅವರ ಪರೀಕ್ಷೆ, ಮಾರ್ಕ್ಸು, ಮನೆ ನೆನಪು, ಗಾಯ ಎಲ್ಲ ನಿಮ್ಮ ತಲೆ ಮೇಲೆ. ಇದನ್ನು ಇಷ್ಟಪಡುವವರು ಮೇಷ್ಟ್ರು. ಯೇಗ್ಲಿ ಮೊದಲು ಬಂದಿದ್ದೇ ಮೇಷ್ಟ್ರಾಗಿ ಅಲ್ವಾ.

ಕೊನೆಯ ವರ್ಷ ಹೇಗಿತ್ತು?

2003 ತನ್ನ ಕೊನೆಯ ಸೀಸನ್ ಅಂತ ಮೊದಲೇ ಹೇಳಿದ್ದರು. ಶುರುವಾತು ತುಂಬ ಕೆಟ್ಟದಾಗಿತ್ತು. ಮೊದಲ ಎಂಟು ಪಂದ್ಯಗಳಲ್ಲಿ ಎರಡೇ ಗೆಲುವು, ಮೂರು ಸೋಲು, ಮೂರು ಡ್ರಾ. ಅಷ್ಟು ದೊಡ್ಡ ಕೋಚ್‌ಗೆ ಇಂಥ ಬೀಳ್ಕೊಡುಗೆಯಾ ಅಂತ ಜನ ಬೇಜಾರು ಮಾಡಿಕೊಂಡಿರಬೇಕು.

ಆಮೇಲೆ ತಂಡ ಸೋಲಲೇ ಇಲ್ಲ. ಮುಂದಿನ 17 ಪಂದ್ಯಗಳಲ್ಲಿ 15 ಗೆಲುವು, 2 ಡ್ರಾ. ಡಿಸೆಂಬರ್ 14ರಂದು ಓಹಾಯೊದ ಕೊಲಂಬಸ್‌ನಲ್ಲಿ ಫೈನಲ್, ಎದುರಾಳಿ ಸೇಂಟ್ ಜಾನ್ಸ್. ಇಂಡಿಯಾನಾ 2–1 ಅಂತರದಿಂದ ಗೆದ್ದಿತು. ಮಗ ಟಾಡ್ ವೃತ್ತಿಪರ ಆಟಗಾರನಾಗಿ ಆಡಿದ್ದು ಅದೇ ಊರಿನ ತಂಡಕ್ಕೆ. ಕೋಚ್ ಆಗಿ ಅಪ್ಪನ ಕೊನೆಯ ಪಂದ್ಯ ಮಗ ಆಡಿದ ಮೈದಾನದಲ್ಲಿ, ಆರನೇ ಪ್ರಶಸ್ತಿಯೊಂದಿಗೆ.

ಅವರು ಹೋದ ಮೇಲೆ ತಂಡ ಬಿದ್ದುಹೋಯಿತಾ?

ಇಲ್ಲ. ಅವರ ತಂಡದಲ್ಲೇ ಆಡಿ, ಅವರ ಸಹಾಯಕರೂ ಆಗಿದ್ದ ಮೈಕ್ ಫ್ರೈಟ್ಯಾಗ್ ಮುಖ್ಯ ಕೋಚ್ ಆದರು. ಮೊದಲ ವರ್ಷವೇ, 2004ರಲ್ಲಿ, ಮತ್ತೆ ಚಾಂಪಿಯನ್. 2010ರಲ್ಲಿ ಟಾಡ್ ಯೇಗ್ಲಿ ಬಂದರು. 2012ರಲ್ಲಿ ಜಾರ್ಜ್‌ಟೌನ್ ವಿರುದ್ಧ 1–0 ಗೆದ್ದು ಎಂಟನೇ ಪ್ರಶಸ್ತಿ ತಂದರು. ಹತ್ತು ಪ್ರಶಸ್ತಿ ಇರುವ ಸೇಂಟ್ ಲೂಯಿಸ್ ಒಂದೇ ಇಂಡಿಯಾನಾಗಿಂತ ಮುಂದೆ ಇರುವುದು, ಅದರಲ್ಲೂ ಸೇಂಟ್ ಲೂಯಿಸ್‌ನ ಹತ್ತೂ 1973ರೊಳಗೆ ಬಂದಂಥವು. ಇಂಡಿಯಾನಾ ವಾರ್ಸಿಟಿ ಆದ ವರ್ಷವೇ ಸೇಂಟ್ ಲೂಯಿಸ್ ತಂಡದ ಕೊನೆಯ ಪ್ರಶಸ್ತಿ.

ಇನ್ನೊಂದು ಹೆಸರು ಹೇಳಲೇಬೇಕು. 1990ರ ದಶಕದಲ್ಲಿ ಯೇಗ್ಲಿ ಕೈಕೆಳಗೆ ಆಡಿದ ಕೇಲೆಬ್ ಪೋರ್ಟರ್ ಮುಂದೆ ಆಕ್ರನ್ ವಿಶ್ವವಿದ್ಯಾಲಯಕ್ಕೆ 2010ರ ಪ್ರಶಸ್ತಿ ತಂದುಕೊಟ್ಟರು, ಆಮೇಲೆ ಎರಡು ಬೇರೆ ಬೇರೆ ಕ್ಲಬ್‌ಗಳ ಜೊತೆ ಎಂಎಲ್‌ಎಸ್ ಕಪ್ ಗೆದ್ದರು.

ಕಾಲೇಜು ಸಾಕರ್ ನಿಯಮ ಬೇರೆ ಅಂತಾರಲ್ಲ, ನಿಜವಾ?

ಸ್ವಲ್ಪ ಬೇರೆ. ಗಡಿಯಾರ 45ರಿಂದ ಸೊನ್ನೆಯ ಕಡೆಗೆ ಓಡುತ್ತದೆ, ರೆಫರಿ ಅದನ್ನು ನಿಲ್ಲಿಸಬಹುದು. ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗುವುದಕ್ಕೂ ಅವಕಾಶ ಇದೆ. 2022ರಿಂದ ಮಾಮೂಲಿ ಸೀಸನ್ ಪಂದ್ಯಗಳಲ್ಲಿ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ. ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ಕೊನೆಯ ಟೂರ್ನಿಯಲ್ಲಿ 48 ತಂಡಗಳು, ಸೋತರೆ ಮನೆಗೆ.

ನಾವು ಅಮೆರಿಕದಲ್ಲಿದ್ದೇವೆ, ಮಗ ಹೈಸ್ಕೂಲಲ್ಲಿ ಚೆನ್ನಾಗಿ ಆಡ್ತಾನೆ. ಕಾಲೇಜು ಕೋಚ್ ಕಣ್ಣಿಗೆ ಬೀಳುವುದು ಹೇಗೆ?

ಅಲ್ಲಿನ ಕನ್ನಡ ಮನೆಗಳಿಂದ ಈ ಪ್ರಶ್ನೆ ಈಗ ಜಾಸ್ತಿ ಬರುತ್ತಿದೆ. ಡಿವಿಷನ್ ಒಂದರ ಕೋಚ್‌ಗಳು 10ನೇ ತರಗತಿ ಮುಗಿದ ಮೇಲೆ, ಜೂನ್ 15ರಿಂದ, ಹುಡುಗರ ಜೊತೆ ನೇರವಾಗಿ ಮಾತಾಡಬಹುದು. ಅದಕ್ಕೂ ಮುಂಚೆ ಹುಡುಗ ಇಮೇಲ್ ಬರೆಯಲು ಅಡ್ಡಿ ಇಲ್ಲ, ಉತ್ತರ ಬರಲಿಲ್ಲ ಅಂತ ಬೇಜಾರಾಗಬೇಡಿ, ಅವರು ಬರೆಯುವ ಹಾಗೇ ಇಲ್ಲ.

ಸ್ಕಾಲರ್‌ಶಿಪ್ ವಿಷಯದಲ್ಲಿ ತುಂಬ ತಪ್ಪು ತಿಳಿವಳಿಕೆ ಇದೆ. ಪುರುಷರ ಸಾಕರ್‌ಗೆ ಬಹಳ ವರ್ಷ ಇದ್ದ ಮಿತಿ ಇಡೀ ತಂಡಕ್ಕೆ 9.9 ಸ್ಕಾಲರ್‌ಶಿಪ್. ಅದನ್ನೇ ಎಲ್ಲರಿಗೂ ಹಂಚಬೇಕಿತ್ತು. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಕೆಲವರಿಗೆ ಏನೂ ಇಲ್ಲ. ಕಾಲೇಜು ಕ್ರೀಡೆಗೆ ಸಂಬಂಧಿಸಿದ 2025ರ ನ್ಯಾಯಾಲಯದ ಒಪ್ಪಂದದ ನಂತರ ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 28 ಜನ ಮಾತ್ರ ಅನ್ನುವ ಮಿತಿ ಬಂದಿದೆ. ಹಾಗಂತ ಎಲ್ಲರಿಗೂ ಪೂರ್ತಿ ಫೀಸು ಸಿಗುತ್ತದೆ ಅಂತಲ್ಲ, ಅದು ಆಯಾ ಕಾಲೇಜಿನ ಬಜೆಟ್ ಮೇಲೆ. ಓದಿನ ಮೇಲೆ ಸಿಗುವ ಸಹಾಯ ಎಷ್ಟೋ ಸಲ ಆಟದ ಸಹಾಯಕ್ಕಿಂತ ದೊಡ್ಡದಾಗಿರುತ್ತದೆ. ಮಾರ್ಕ್ಸ್ ಕಡೆಗಣಿಸಬೇಡಿ.

ಮತ್ತೆ, ಕೋಚ್‌ಗೆ ಮಗನೇ ಬರೆಯಲಿ. ಅಪ್ಪ ಅಮ್ಮ ಬರೆಯುವುದು ಬೇಡ. ಆಟ ನೋಡಲು ಬಂದ ಕೋಚ್ ಗೋಲನ್ನಷ್ಟೇ ನೋಡುವುದಿಲ್ಲ. ಬದಲಿ ಆಟಗಾರ ಬಂದಾಗ ಹೊರಗೆ ಬರುವ ಹುಡುಗ ಅವನ ಕೈ ತಟ್ಟಿದನಾ, ಮುಖ ಸಿಂಡರಿಸಿಕೊಂಡು ಬೆಂಚಿಗೆ ಹೋದನಾ ಅನ್ನುವುದನ್ನೂ ನೋಡುತ್ತಾರೆ.

ನನಗೆ ಕೋಚ್ ಆಗಬೇಕು ಅಂತಿದೆ. ದಾರಿ ಯಾವುದು?

ಸಾಮಾನ್ಯವಾಗಿ ಕಾಲೇಜಿನಲ್ಲಿ ಆಡಿ, ಸ್ನಾತಕೋತ್ತರ ಓದುತ್ತಾ ಸಹಾಯಕರ ಸಹಾಯಕರಾಗಿ ಸೇರಿ, ಆಮೇಲೆ ಪೂರ್ಣ ಸಹಾಯಕ, ಆಮೇಲೆ ಸಣ್ಣ ಕಾಲೇಜಿನ ಮುಖ್ಯ ಕೋಚ್. ಜೊತೆಗೆ ಕೋಚಿಂಗ್ ಲೈಸೆನ್ಸ್. ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆ, ತಿರುಗಾಟ ಜಾಸ್ತಿ.

ಬ್ಲೂಮಿಂಗ್ಟನ್‌ಗೆ ಹೋದರೆ ಏನು ನೋಡಬಹುದು?

ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ ನೋಡಿ. 1981ರಲ್ಲಿ ಶುರುವಾದದ್ದು. ಸಾಕರ್ ಮೈದಾನದ ಸುತ್ತ ಒಂದು ಓಟದ ದಾರಿ ಕಾಣುತ್ತದೆ, ಅದು ಸೈಕಲ್ ರೇಸಿಗೆ ಇರುವುದು. ಪ್ರತಿ ವಸಂತದಲ್ಲಿ ವಿದ್ಯಾರ್ಥಿಗಳ ನಾಲ್ಕು ನಾಲ್ಕು ಜನರ ತಂಡಗಳು ಲಿಟಲ್ 500 ಅನ್ನುವ ರೇಸ್ ಆಡುತ್ತವೆ, ಹುಡುಗರಿಗೆ 200 ಸುತ್ತು. ಅದು ಮುಗಿದು ಬೇಸಿಗೆ ಕಳೆದರೆ ಸಾಕರ್.

ಆ ದಾರಿಯ ಒಳಗಿನ ಹುಲ್ಲಿಗೆ ಈಗ ಜೆರ್ರಿ ಯೇಗ್ಲಿ ಫೀಲ್ಡ್ ಅಂತ ಹೆಸರು. ಸಾಧ್ಯವಾದರೆ ಸೆಪ್ಟೆಂಬರ್‌ನ ಒಂದು ಸಂಜೆ ಪಂದ್ಯ ಶುರುವಾಗುವ ಒಂದು ಗಂಟೆ ಮುಂಚೆಯೇ ಹೋಗಿ ಕೂತುಕೊಳ್ಳಿ. ಜನ ಬರುವ ಮೊದಲು, ಖಾಲಿ ಮೈದಾನದ ಬಿಳಿ ಗೆರೆಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಿರಿ.